ಕಾರಿನ ಸ್ಪ್ರಿಂಗೂ ಬೆನ್ನಿನ ಮೂಳೆಯೂ

ಭಟ್ಕಳದಲ್ಲಿ ಮನೆ, ಕುಮಟಾದಲ್ಲಿ ನೌಕರಿ. ಕುಮಟಾದಲ್ಲಿ ಮನೆ, ಹೊನ್ನಾವರದಲ್ಲಿ ವ್ಯಾಪಾರ. ಹೀಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರು ನಮ್ಮ ಕರಾವಳಿಯಲ್ಲಿ ಮೊದಲಿನಿಂದಲೂ ಇದ್ದರು. ಅವರಲ್ಲಿ ಹೆಚ್ಚಿನವರು ಬಸ್ಸನ್ನೋ ಟೆಂಪೊವನ್ನೋ ಹಿಡಿಯುತ್ತಿದ್ದರು. ಈಗ ಅವರಲ್ಲಿ ಹಲವರ ಬಳಿ ಸ್ವಂತ ಕಾರಿದೆ. ಭಟ್ಕಳದಿಂದ ಕುಮಟಾಕ್ಕೆ ಹೋಗಿ ಬಂದರೆ ದಿನಕ್ಕೆ ಹತ್ತಿರ ಹತ್ತಿರ 120 ಕಿ.ಮೀ. ಆಯಿತು. ಸಂಜೆ ಮನೆ ಸೇರುವ ಹೊತ್ತಿಗೆ ಸೊಂಟಕ್ಕೆ ಕೈ ಕೊಟ್ಟು ಇಳಿಯುವವರು ಕಡಿಮೆಯಿಲ್ಲ.

ಇಂಥವರಿಂದ ಈಚೆಗೆ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ: ‘ಡಾಕ್ಟ್ರೇ, ಕಾರಿಗೆ ಅಡ್ಜಸ್ಟೇಬಲ್ ಸಸ್ಪೆನ್ಷನ್ ಹಾಕಿಸಿದರೆ ಸೊಂಟನೋವು ಕಡಿಮೆ ಆಗ್ತದಾ?’ ಪ್ರಶ್ನೆಯ ಅರ್ಧ ಗ್ಯಾರೇಜಿಗೆ ಸೇರಿದ್ದು, ಅರ್ಧ ದವಾಖಾನೆಗೆ. ಗ್ಯಾರೇಜಿನವರನ್ನು ಕೇಳಿದರೆ ಸ್ಪ್ರಿಂಗಿನ ಮಾತನ್ನಾಡುತ್ತಾರೆ, ನಮ್ಮನ್ನು ಕೇಳಿದರೆ ಡಿಸ್ಕಿನ ಮಾತನ್ನು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಬೆನ್ನು ಹೇಗೆ ಅಲುಗುತ್ತದೆ?

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ. ಒಂದರ ಮೇಲೊಂದು ಕೂರಿಸಿದ ಮಣಿಗಳು, ಅವುಗಳ ನಡುವೆ ಮೆತ್ತೆಯಂಥ ಡಿಸ್ಕುಗಳು, ಸುತ್ತ ಹಗ್ಗ ಬಿಗಿದಂತೆ ಸ್ನಾಯುಗಳು. ಎಂದರೆ ದೇವರು ನಮಗೂ ಒಂದು ಸಸ್ಪೆನ್ಷನ್ ಕೊಟ್ಟೇ ಕಳಿಸಿದ್ದಾನೆ. ತೊಂದರೆಯೇನೆಂದರೆ ಎಲ್ಲ ಸ್ಪ್ರಿಂಗುಗಳಂತೆ ಇದಕ್ಕೂ ತನ್ನದೇ ಆದ ಒಂದು ತಾಳವಿದೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಬೆರಳಿನ ಬಲದಿಂದಲೂ ಅದು ಮಾಡಿನ ಎತ್ತರಕ್ಕೆ ಏರುತ್ತದೆ. ತಾಳ ತಪ್ಪಿ ತಳ್ಳಿದರೆ ಎಷ್ಟು ಬಲ ಹಾಕಿದರೂ ಏರುವುದಿಲ್ಲ. ಕುಳಿತ ಮನುಷ್ಯನ ಮೈಯನ್ನು ಕೆಳಗಿನಿಂದ ಮೇಲಕ್ಕೆ ಅಲುಗಿಸಿದಾಗ ಅದರ ತಾಳ ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಆ ವೇಗದ ಅಲುಗಾಟ ಸೀಟಿನಿಂದ ಬಂದರೆ ಮೈ ಅದನ್ನು ತಗ್ಗಿಸುವ ಬದಲು ಹೆಚ್ಚಿಸಿಕೊಳ್ಳುತ್ತದೆ. ಸೊಂಟದ ಕೆಳಗಿನ ಡಿಸ್ಕುಗಳ ಮೇಲೆ ಹೊರೆ ಏರುತ್ತದೆ. ಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿಯುತ್ತ ಸಡಿಲುತ್ತ ದಣಿಯುತ್ತವೆ.

ಇನ್ನು ಕಾರಿನ ಕಡೆ ಬನ್ನಿ. ಸಾಧಾರಣ ಕುಟುಂಬದ ಕಾರಿನ ಮೈ ಅದರ ಸ್ಪ್ರಿಂಗುಗಳ ಮೇಲೆ ತೂಗುವುದು ಸೆಕೆಂಡಿಗೆ 1ರಿಂದ 1.5 ಸಲ. ಇದು ಹೆಚ್ಚುಕಡಿಮೆ ನಾವು ನಡೆಯುವ ತಾಳವೇ. ಆದ್ದರಿಂದ ದೇಹಕ್ಕೆ ಅದು ಹೊಸದಲ್ಲ. ಕಂಪನಿಯವರು ಹೊಂದಿಸಿ ಕೊಟ್ಟದ್ದು ಈ ಲೆಕ್ಕದಲ್ಲೇ. ಸ್ಪ್ರಿಂಗನ್ನು ಗಟ್ಟಿ ಮಾಡುತ್ತ ಹೋದಂತೆ ಈ ತಾಳ ಚುರುಕಾಗುತ್ತದೆ, ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಾದರೆ ತೂಗಾಟ ಎರಡು ಪಟ್ಟು ವೇಗವಾಗುತ್ತದೆ. ಅಂದರೆ ಗಟ್ಟಿ ಸ್ಪ್ರಿಂಗ್ ನಮ್ಮನ್ನು ನಡಿಗೆಯ ತಾಳದಿಂದ ದೂರ ಮಾಡಿ ಬೆನ್ನುಮೂಳೆಯ ತಾಳದ ಹತ್ತಿರಕ್ಕೆ ಒಯ್ಯುತ್ತದೆ. ಪಂದ್ಯದ ಕಾರುಗಳು ಗಟ್ಟಿಯಾಗಿರುವುದು ತಿರುವಿನಲ್ಲಿ ವಾಲಬಾರದೆಂದು. ಓಡಿಸುವವನ ಸೊಂಟ ನೋಯಬಾರದೆಂದು ಅಲ್ಲ.

ಹಾಗಾದರೆ ತೀರ ಮೆತ್ತಗೆ ಮಾಡಿದರೆ? ಅದೂ ಆಗದು. ಅಳಿವೆಯಲ್ಲಿ ದೋಣಿ ನಿಧಾನವಾಗಿ ಏರಿ ಇಳಿಯುವಾಗ ಹೊಸಬರಿಗೆ ಹೊಟ್ಟೆ ತೊಳಸುವುದು ಗೊತ್ತಿರುವ ಸಂಗತಿ. ಐದು ಸೆಕೆಂಡಿಗೆ ಒಂದು ಸಲದಂಥ ನಿಧಾನದ ತೂಗಾಟವೇ ವಾಕರಿಕೆಗೆ ಎಲ್ಲಕ್ಕಿಂತ ದೊಡ್ಡ ಕಾರಣ. ಗೇರುಸೊಪ್ಪೆ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ತಿರುವಿಗೊಮ್ಮೆ ಓಲಾಡುವ ಕಾರಿನಲ್ಲಿ ಹಿಂದೆ ಕುಳಿತ ಮಕ್ಕಳ ಸ್ಥಿತಿಯನ್ನು ತಾಯಂದಿರೇ ಬಲ್ಲರು.

ಎರಡು ಕೆಲಸ, ಎರಡು ಭಾಗ

ಸ್ಪ್ರಿಂಗಿನ ಕೆಲಸ ಭಾರ ಹೊರುವುದು, ಹೊಂಡ ಬಂದಾಗ ಕುಗ್ಗುವುದು. ಶಾಕ್ ಅಬ್ಸಾರ್ಬರಿನ ಕೆಲಸ ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಅಡ್ಜಸ್ಟೇಬಲ್ ಎಂದು ಮಾರುವ ಸೆಟ್ಟುಗಳಲ್ಲಿ ಬದಲಾಯಿಸಲು ಬರುವುದು ಈ ಎರಡರಲ್ಲಿ ಯಾವುದು ಎಂಬುದನ್ನು ಮೊದಲು ಕೇಳಿಕೊಳ್ಳಿ. ಕೊಯ್ಲೋವರ್ ಎಂಬ ಬಗೆಯಲ್ಲಿ ಶಾಕ್ ಅಬ್ಸಾರ್ಬರಿನ ಮೈಮೇಲೆ ತಿರುಪಿನ ಗೆರೆಗಳಿದ್ದು, ಒಂದು ಬಳೆಯನ್ನು ಏರಿಸಿ ಇಳಿಸಬಹುದು. ಇದರಿಂದ ಬದಲಾಗುವುದು ಮುಖ್ಯವಾಗಿ ಕಾರಿನ ಎತ್ತರ. ಸ್ಪ್ರಿಂಗಿನ ಗಡಸು ಇದರಿಂದ ಬದಲಾಗದು, ಅದು ತಂತಿಯ ದಪ್ಪ ಮತ್ತು ಸುತ್ತುಗಳಿಂದ ನಿಶ್ಚಯವಾದದ್ದು. ‘ಬಳೆ ಇಳಿಸಿದೆ, ಈಗ ಮೆತ್ತಗಾಗುತ್ತದೆ’ ಎಂದು ನಂಬಿದವರು ಬಹಳ. ಇನ್ನು ಕೆಲವು ಸೆಟ್ಟುಗಳಲ್ಲಿ ಒಂದು ಗುಂಡಿಯಿದ್ದು, ಟಿಕ್ ಟಿಕ್ ಎಂದು ತಿರುಗಿಸಿದಂತೆ ಎಣ್ಣೆಯ ತೂತು ಕಿರಿದಾಗುತ್ತ ಬರುತ್ತದೆ. ಸೊಂಟಕ್ಕೆ ಉಪಯೋಗವಾಗಬಹುದಾದ ಹೊಂದಾಣಿಕೆ ಇದೇ.

ಕಾರು ತಗ್ಗಿಸುವ ಶೋಕಿ

ಈ ಸೆಟ್ಟುಗಳನ್ನು ಹಾಕಿಸುವ ತರುಣರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಸೊಂಟವಲ್ಲ, ಕಾರನ್ನು ನೆಲಕ್ಕೆ ತಗ್ಗಿಸುವ ಆಸೆ. ಕಾರು ಎರಡು ಅಂಗುಲ ತಗ್ಗಿದರೆ ಸ್ಪ್ರಿಂಗಿಗೆ ಕುಗ್ಗಲು ಇರುವ ಜಾಗವೂ ಅಷ್ಟೇ ಕಡಿಮೆಯಾಯಿತು. ದೊಡ್ಡ ಹೊಂಡ ಸಿಕ್ಕಾಗ ಅದು ತುದಿ ಮುಟ್ಟಿ ಕೊನೆಯ ರಬ್ಬರಿಗೆ ಧಡ್ ಎಂದು ಬಡಿಯುತ್ತದೆ. ಇದು ಅಲುಗಾಟವಲ್ಲ, ಏಟು. ಬೆನ್ನಿನ ಲೆಕ್ಕದಲ್ಲಿ ಇಂಥ ಒಂದು ಏಟಿಗೆ ಗಂಟೆಗಟ್ಟಲೆ ಸಣ್ಣ ಅಲುಗಾಟಕ್ಕಿಂತ ಹೆಚ್ಚು ಬೆಲೆ ತೆರಬೇಕಾಗುತ್ತದೆ.

ಆ ಬೆಲೆಯನ್ನು ತೆರುವವರು ಯಾವಾಗಲೂ ಓಡಿಸುವವರೇ ಎಂದೇನೂ ಇಲ್ಲ. ಇಂಥದೊಂದು ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ದೇವರ ಕಾರ್ಯಕ್ಕೆ ಹೊರಟಿದ್ದ ಅರವತ್ತೆಂಟು ವರ್ಷದ ತಾಯಿಯೊಬ್ಬರನ್ನು ಕೆಲವು ಕಾಲದ ಹಿಂದೆ ನೋಡಿದೆ. ರಸ್ತೆಯ ಹಂಪ್ ಮೇಲೆ ಕಾರು ಒಮ್ಮೆ ಎತ್ತಿ ಹಾಕಿತು. ‘ಆಯೀ, ಏನಾಯ್ತು?’ ಎಂದು ಮಗ ಕೇಳಿದಾಗ ‘ಏನಿಲ್ಲ, ಬೆನ್ನು ಚಳಕ್ ಅಂತು’ ಎಂದರಂತೆ. ಹತ್ತು ದಿನ ಎಣ್ಣೆ ತಿಕ್ಕಿಸಿಕೊಂಡರು. ನಡೆದರೆ ನೋವು, ಮಲಗಿದರೆ ಪರವಾಗಿಲ್ಲ. ಎಕ್ಸ್‌ರೇ ತೆಗೆಸಿದಾಗ ಬೆನ್ನಿನ ಒಂದು ಮಣಿ ಮುಂಭಾಗದಲ್ಲಿ ಕುಸಿದು ಬೆಣೆಯಾಕಾರಕ್ಕೆ ಬಂದಿತ್ತು. ಮಗನ ಕಾರು ನೋಡಲು ಚೆಂದವೇ ಇತ್ತು.

ಇದು ಅಪರೂಪದ ಕಥೆಯಲ್ಲ. ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರು ಹಂಪ್ ಮೇಲೆ ಎಗರಿ ಬಿದ್ದು ಬೆನ್ನಿನ ಮಣಿ ಮುರಿದುಕೊಂಡ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ದೇಶಗಳಿಂದ ಬಂದಿವೆ. ಎರಡು ಅಚ್ಚುಗಳ ನಡುವೆ ಕುಳಿತವರಿಗಿಂತ ಹಿಂದಿನ ಅಚ್ಚಿನ ಮೇಲೆ ಅಥವಾ ಅದರ ಹಿಂದೆ ಕುಳಿತವರಿಗೆ ಏರಿಳಿತ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ವೇಗವಾಗಿ ಟೊಳ್ಳಾಗುತ್ತದೆ. ದಮ್ಮಿಗೋ ಸಂಧಿವಾತಕ್ಕೋ ಬಹುಕಾಲ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡವರದ್ದೂ ಹಾಗೆಯೇ, ಗಂಡಸರಾದರೂ ಸರಿ. ಆಸ್ಟಿಯೊಪೊರೋಸಿಸ್ ಎಂಬ ಈ ಕಾಯಿಲೆ ಮೂಳೆ ಮುರಿಯುವವರೆಗೆ ಸದ್ದೇ ಮಾಡುವುದಿಲ್ಲ. ಆದ್ದರಿಂದ ಮನೆಯ ಹಿರಿಯರಿಗೆ ಮುಂದಿನ ಸೀಟು ಬಿಟ್ಟುಕೊಡಿ. ಬಸ್ಸಿನಲ್ಲಾದರೆ ನಡುವಿನ ಸೀಟು ನೋಡಿ ಕೂರಿಸಿ. ಇದಕ್ಕೆ ದುಡ್ಡು ಬೇಕಿಲ್ಲ.

ಹಂಪ್ ವಿಷಯಕ್ಕೆ ಬಂದದ್ದರಿಂದ ಹೇಳುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಒಂದು ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಆಗ ಅದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದು. ನಮ್ಮ ಊರುಗಳ ಒಳರಸ್ತೆಯಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಿಗೆ ಯಾವ ಅಳತೆಯೂ ಇಲ್ಲ. ಗದ್ದೆಯ ಬದುವನ್ನು ತಂದು ರಸ್ತೆಗೆ ಅಡ್ಡ ಹಾಕಿದಂತಿರುತ್ತವೆ. ಅಂಥಲ್ಲಿ ಸಸ್ಪೆನ್ಷನ್ ಯಾವುದಾದರೂ ಬ್ರೇಕೇ ಮದ್ದು. ಹಂಪಿನಿಂದ ವೈದ್ಯರಿಗೆ ಒಂದು ಉಪಕಾರವೂ ಆಗಿದೆ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಬಂತು. ಆಸ್ಪತ್ರೆಗೆ ಬರುವಾಗ ದಾರಿಯ ಉಬ್ಬುಗಳ ಮೇಲೆ ಹೊಟ್ಟೆನೋವು ಹೆಚ್ಚಾಯಿತೇ ಎಂದು ರೋಗಿಗಳನ್ನು ಕೇಳಲಾಗಿತ್ತು. ಅಪೆಂಡಿಸೈಟಿಸ್ ಖಚಿತವಾದ 34 ಜನರಲ್ಲಿ 33 ಜನ ಹೌದೆಂದಿದ್ದರು. ಉಬ್ಬಿನ ಮೇಲೆ ನೋವು ಹೆಚ್ಚದವರಿಗೆ ಆ ಕಾಯಿಲೆ ಇರುವ ಸಾಧ್ಯತೆ ಕಡಿಮೆ. ಹೊಟ್ಟೆನೋವಿನವರನ್ನು ಕರೆತಂದಾಗ ನಿಮ್ಮ ವೈದ್ಯರು ರಸ್ತೆಯ ಬಗ್ಗೆ ವಿಚಾರಿಸಿದರೆ ಆಶ್ಚರ್ಯಪಡಬೇಡಿ.

ಹೊಸದು ಕೊಳ್ಳುವ ಮುನ್ನ

ಸೊಂಟನೋವಿಗೆಂದು ಹೊಸ ಸಸ್ಪೆನ್ಷನ್ ಕೊಳ್ಳಲು ಹೊರಟವರಿಗೆ ನನ್ನ ಮೊದಲ ಸಲಹೆ, ಹಳೆಯದನ್ನು ಒಮ್ಮೆ ಪರೀಕ್ಷಿಸಿ. ಚಕ್ರದ ಗಾಳಿಯಿಂದ ಶುರುಮಾಡಿ. ಎಷ್ಟು ಹಾಕಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದದೆ ‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದು ಹಾಕಿಸುವುದು ನಮ್ಮ ರೂಢಿ. ಗಾಳಿ ಜಾಸ್ತಿಯಾದ ಚಕ್ರ ಕಲ್ಲಿನಂತಾಗಿ ಪ್ರತಿ ಹರಳನ್ನೂ ಸೀಟಿಗೆ ತಲುಪಿಸುತ್ತದೆ. ಬೆಳಿಗ್ಗೆ ಹೊರಡುವ ಮುನ್ನ, ಚಕ್ರ ತಣ್ಣಗಿರುವಾಗ ಅಳೆಸಬೇಕು.

ನಂತರ ಶಾಕ್ ಅಬ್ಸಾರ್ಬರ್. ಅದರ ಮೈಮೇಲೆ ಎಣ್ಣೆ ಜಿನುಗಿದ್ದರೆ ಅದರ ಆಯುಷ್ಯ ತೀರಿತು. ಕಾರಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಅನುಮಾನಿಸಬೇಕು. ಆದರೆ ಕುಣಿಯದಿದ್ದ ಮಾತ್ರಕ್ಕೆ ಸರಿಯಿದೆ ಎಂದು ಹೇಳಲಾಗದು. ಸುಮಾರು 80 ಸಾವಿರ ಕಿ.ಮೀ. ಓಡಿದ ಕಾರಿನಲ್ಲಿ ಇವನ್ನು ಬಿಚ್ಚಿ ನೋಡಿಸುವುದು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿ 66ರಿಂದ ಇಳಿದು ದಿನವೂ ಹಳ್ಳಿಯ ರಸ್ತೆ ತುಳಿಯುವ ಕಾರಿಗೆ ಇನ್ನೂ ಮೊದಲೇ. ಜೊತೆಗೆ ರಬ್ಬರ್ ಬುಶ್‌ಗಳು. ಇವು ಒಡೆದರೆ ಕಟಕಟ ಸದ್ದು ಬರುತ್ತದೆ. ಬದಲಾಯಿಸುವುದಾದರೆ ಎಡ ಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಇಷ್ಟಾದ ಮೇಲೆ ಕಂಪನಿಯ ಮೂಲ ಭಾಗಗಳನ್ನೇ ಹೊಸದಾಗಿ ಹಾಕಿಸಿದವರಲ್ಲಿ ಅನೇಕರಿಗೆ ಅಡ್ಜಸ್ಟೇಬಲ್ ಸೆಟ್ಟಿನ ನೆನಪೇ ಬರುವುದಿಲ್ಲ.

ಹಾಕಿಸಲೇಬೇಕೆಂದರೆ

ಆದರೂ ಬೇಕು ಎನ್ನುವವರಿದ್ದಾರೆ. ದಿನವೂ ಭಾರ ಬದಲಾಗುವವರು, ವಾರಕ್ಕೆರಡು ಸಲ ಘಟ್ಟ ಹತ್ತುವವರು. ಅಂಥವರು ನೋಡಬೇಕಾದ್ದು, ಎತ್ತರ ಮೂಲದಷ್ಟೇ ಉಳಿಯಬೇಕು, ಸ್ಪ್ರಿಂಗಿನ ಗಡಸು ಮೂಲಕ್ಕೆ ಹತ್ತಿರವಿರಬೇಕು, ಗುಂಡಿ ತಿರುಗಿಸಿ ಹೊಂದಿಸುವ ಅನುಕೂಲವಿರಬೇಕು, ಸೆಟ್ಟು ನಿಮ್ಮ ಮಾದರಿಯ ಕಾರಿಗೆಂದೇ ಮಾಡಿದ್ದಾಗಿರಬೇಕು. ಬೇರೆ ಕಾರಿನದ್ದನ್ನು ತಂದು ವೆಲ್ಡಿಂಗ್ ಮಾಡಿ ಕೂರಿಸುವ ಜಾಣತನ ಬೇಡವೇ ಬೇಡ.

ಕರಾವಳಿಯವರಿಗೆ ಇನ್ನೊಂದು ತಾಪತ್ರಯ ಉಪ್ಪುಗಾಳಿ. ಕೊಯ್ಲೋವರಿನ ತಿರುಪಿನ ಗೆರೆಗಳಲ್ಲಿ ಕೆಸರು, ಉಪ್ಪು ಸೇರಿ ಎರಡು ಮಳೆಗಾಲದಲ್ಲಿ ಬಳೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಹೆಸರಿಗಷ್ಟೇ ಅಡ್ಜಸ್ಟೇಬಲ್. ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತೊಳೆದು, ಗ್ರೀಸ್ ಹಚ್ಚಿ, ಬಳೆಯನ್ನು ಒಮ್ಮೆ ಅಲುಗಿಸಿಡಬೇಕು. ಮುಚ್ಚಳದ ರಬ್ಬರ್ ಚೀಲವಿದ್ದರೆ ಇನ್ನೂ ಒಳ್ಳೆಯದು.

ಕೂರಿಸುವ ಕೆಲಸ ಮನೆಯಂಗಳದಲ್ಲಿ ಆಗುವಂಥದ್ದಲ್ಲ. ಒತ್ತಿ ಹಿಡಿದ ಸ್ಪ್ರಿಂಗ್ ಕೈತಪ್ಪಿದರೆ ಅದು ದವಡೆಯನ್ನೋ ಕಣ್ಣನ್ನೋ ಹೊಡೆಯುತ್ತದೆ. ಅದಕ್ಕೆ ಬೇಕಾದ ಕಂಪ್ರೆಸರ್ ಇರುವ ಗ್ಯಾರೇಜೇ ಆಗಬೇಕು. ನೀವು ನಿಂತು ನೋಡಬೇಕಾದ ಒಂದು ಸೂಕ್ಷ್ಮವಿದೆ. ಬುಶ್‌ಗಳ ಬೋಲ್ಟನ್ನು ಕೊನೆಯ ಬಾರಿ ಬಿಗಿಯುವಾಗ ಕಾರಿನ ಭಾರ ಚಕ್ರಗಳ ಮೇಲೆ ಇರಬೇಕು. ಜಾಕಿಯ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ, ಕಾರು ಇಳಿಸಿದೊಡನೆ ಆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಚಕ್ರಗಳ ಅಲೈನ್‌ಮೆಂಟ್, ಎತ್ತರ ಬದಲಾಗಿದ್ದರೆ ಹೆಡ್‌ಲೈಟಿನ ದಿಕ್ಕು. ಕೆಲವು ನೂರು ಕಿ.ಮೀ. ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿಸಬೇಕು.

ಹೊಂದಿಸುವುದು ಹೇಗೆ? ನಾವು ರಕ್ತದೊತ್ತಡದ ಔಷಧವನ್ನು ಹೇಗೆ ಕೊಡುತ್ತೇವೋ ಹಾಗೆ. ಕಡಿಮೆಯಿಂದ ಶುರು, ಒಂದೊಂದೇ ಮೆಟ್ಟಿಲು ಮೇಲಕ್ಕೆ. ಗುಂಡಿಯನ್ನು ತೀರ ಮೆತ್ತನೆಯ ಕಡೆಗಿಟ್ಟು, ನಿಮಗೆ ಗೊತ್ತಿರುವ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಕಾರು ಓಲಾಡುವುದು ನಿಲ್ಲುವವರೆಗೆ ಎರಡೆರಡು ಟಿಕ್ ಏರಿಸಿ, ಅಲ್ಲಿಗೆ ಬಿಡಿ. ಪ್ರತಿ ಬದಲಾವಣೆಯನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮೂರನೆಯ ದಿನ ಎಲ್ಲ ಕಲಸಿಹೋಗುತ್ತದೆ. ಒಬ್ಬರೇ ಕುಳಿತು ಹೊಂದಿಸಿದರೆ ಸಾಲದು. ಮನೆಮಂದಿ ಕುಳಿತು, ಸಾಮಾನು ತುಂಬಿ ಇನ್ನೊಮ್ಮೆ ನೋಡಬೇಕು, ಹಿಂದೆ ಕುಳಿತವರನ್ನೇ ಕೇಳಬೇಕು. ಕೂಡುರಸ್ತೆಗಳ ಮುಂಚೆ ಸಾಲಾಗಿ ಹಾಕಿದ ಸಣ್ಣ ಪಟ್ಟಿಗಳ ಮೇಲೆ ಹೋಗುವಾಗ ಕಾರು ಮೊದಲ ಪಟ್ಟಿಗಿಂತ ಕೊನೆಯ ಪಟ್ಟಿಯಲ್ಲಿ ಹೆಚ್ಚು ಒರಟೆನಿಸಿದರೆ, ಶಾಕ್ ಅಬ್ಸಾರ್ಬರ್ ಹಿಂತಿರುಗಿ ಉದ್ದವಾಗುವುದು ನಿಧಾನವಾಗಿದೆ ಎಂದು ತಿಳಿಯಬೇಕು. ಎರಡು ಟಿಕ್ ಇಳಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಎತ್ತಿಹಿಡಿದಿದೆ. ದುಡ್ಡು ಕೊಡುವ ಮುಂಚೆ ಹೊನ್ನಾವರದ ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿಕೊಳ್ಳಿ.

ಬೈಕಿನವರಿಗೆ ಒಂದು ಮಾತು

ಅಡ್ಜಸ್ಟೇಬಲ್ ಸಸ್ಪೆನ್ಷನ್ ಎಂಬುದು ಶ್ರೀಮಂತರ ವಸ್ತುವೆಂದು ತಿಳಿಯಬೇಡಿ. ನಿಮ್ಮ ಅಂಗಳದಲ್ಲಿ ನಿಂತ ಬೈಕಿನಲ್ಲಿ ಅದು ಇರಬಹುದು. ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಕೊರೆದ ಒಂದು ಬಳೆ, ಸಾಮಾನ್ಯವಾಗಿ ಐದು ಮೆಟ್ಟಿಲು. ಟೂಲ್ ಕಿಟ್ಟಿನ ಕೊಕ್ಕೆಯಂಥ ಸ್ಪ್ಯಾನರ್ ಇರುವುದು ಇದಕ್ಕೇ. ಹೆಂಡತಿ, ಮಗು, ಸಂತೆಚೀಲ ಎಲ್ಲ ಇರುವಾಗ ಮೇಲಿನ ಮೆಟ್ಟಿಲು. ಒಬ್ಬರೇ ಹೋಗುವಾಗ ಕೆಳಗಿನ ಮೆಟ್ಟಿಲು. ಐದನೆಯ ಮೆಟ್ಟಿಲಲ್ಲಿ ಬಿಟ್ಟು ವರ್ಷಗಟ್ಟಲೆ ಒಬ್ಬರೇ ಓಡಿಸಿದರೆ ಸಣ್ಣ ಹೊಂಡಕ್ಕೆ ಸ್ಪ್ರಿಂಗ್ ಬಾಗುವುದೇ ಇಲ್ಲ, ಬಾಗುವುದು ನಿಮ್ಮ ಬೆನ್ನು. ಹೊಸ ಸ್ಕೂಟರುಗಳಲ್ಲೂ ಕೆಲವಕ್ಕೆ ಇದು ಬಂದಿದೆ.

ಸೀಟನ್ನು ಮರೆಯಬೇಡಿ

ಸತ್ಯ ಹೇಳಬೇಕೆಂದರೆ ದಿನಕ್ಕೆ ಎರಡು ಗಂಟೆ ಕಾರಿನಲ್ಲಿ ಕೂರುವವರಿಗೆ ಅಲುಗಾಟಕ್ಕಿಂತ ಕೂರುವ ರೀತಿಯೇ ಹೆಚ್ಚು ಕಾಟ ಕೊಡುತ್ತದೆ. ಐರೋಪ್ಯ ಒಕ್ಕೂಟ 2002ರಲ್ಲಿ ಕೆಲಸಗಾರರ ಮೈಗೆ ತಾಗುವ ಕಂಪನಕ್ಕೆ ಮಿತಿ ಹಾಕಿದಾಗ ಲೆಕ್ಕ ಹಿಡಿದದ್ದು ದಿನಕ್ಕೆ 8 ಗಂಟೆಯ ಕೆಲಸವನ್ನು. ಟ್ರ್ಯಾಕ್ಟರ್, ಜೆಸಿಬಿ ಓಡಿಸುವವರ ಚಿಂತೆ ಅದು. ನಿಮ್ಮ ಹಿಂದಿನ ಜೇಬಿನಲ್ಲಿ ದಪ್ಪ ಪಾಕೀಟಿದ್ದರೆ ಅದನ್ನು ತೆಗೆದಿಡಿ. ಒಂದೇ ಕಡೆ ಎತ್ತರವಾಗಿ ಕುಳಿತರೆ ಕಾಲಿಗಿಳಿಯುವ ನರ ಒತ್ತಿಹೋಗುತ್ತದೆ. ಒರಗು ಕಂಬದಂತೆ ನೆಟ್ಟಗಿರುವುದಕ್ಕಿಂತ ಸ್ವಲ್ಪ ಹಿಂದಕ್ಕೆ ವಾಲಿರಲಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿರಬೇಕು, ಸೊಂಟ ಒರಗಿನಿಂದ ಬಿಡಬಾರದು. ಸೊಂಟದ ಒಳಬಾಗಿಗೆ ಒಂದು ಟವೆಲ್ ಸುರುಳಿ ಸಾಕು. ಕೆಳಗೆ ಮೆತ್ತನೆಯ ಸ್ಪಂಜಿನ ದಿಂಬು ಹಾಕಿಕೊಳ್ಳುವವರಿದ್ದಾರೆ. ಸ್ಪಂಜು ಕೂಡ ಒಂದು ಸ್ಪ್ರಿಂಗೇ. ಅದರ ತಾಳ ನಮ್ಮ ಬೆನ್ನಿನ ತಾಳಕ್ಕೆ ಹತ್ತಿರವಾದ್ದರಿಂದ ಕೆಲವೊಮ್ಮೆ ಅಲುಗಾಟ ಹೆಚ್ಚೇ ಆಗುತ್ತದೆ.

ಡಿಸ್ಕಿಗೆ ಸ್ವಂತ ರಕ್ತನಾಳಗಳಿಲ್ಲ. ನಾವು ಅಲುಗಾಡಿದಾಗ ಒತ್ತಿ ಬಿಟ್ಟು ಆಗುವ ಹೀರುವಿಕೆಯಿಂದಲೇ ಅದಕ್ಕೆ ಆಹಾರ. ಆದ್ದರಿಂದ ಭಟ್ಕಳದಿಂದ ಕುಮಟಾಕ್ಕೆ ಹೋಗುವವರು ಹೊನ್ನಾವರದಲ್ಲಿ ಇಳಿದು ಒಂದು ಚಹಾ ಕುಡಿದು ನಾಲ್ಕು ಹೆಜ್ಜೆ ಹಾಕಿದರೆ ನಷ್ಟವಿಲ್ಲ. ಮನೆ ತಲುಪಿದೊಡನೆ ಡಿಕ್ಕಿಯಿಂದ ಅಕ್ಕಿ ಚೀಲವನ್ನೋ ಗ್ಯಾಸ್ ಸಿಲಿಂಡರನ್ನೋ ಬಗ್ಗಿ ಎತ್ತಬೇಡಿ. ಬಹಳ ಹೊತ್ತು ಕುಳಿತು ಬಂದ ಬೆನ್ನು ಆ ಕ್ಷಣದಲ್ಲಿ ಭಾರಕ್ಕೆ ಸಿದ್ಧವಿರುವುದಿಲ್ಲ. ಐದು ನಿಮಿಷ ಓಡಾಡಿ ಎತ್ತಿ.

ಸಾಧಾರಣ ಸೊಂಟನೋವು ನಾಲ್ಕರಿಂದ ಆರು ವಾರದಲ್ಲಿ ತಾನೇ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗಬೇಕಿಲ್ಲ, ಓಡಾಡಿದಷ್ಟೂ ಒಳ್ಳೆಯದು. ಆದರೆ ಕೆಲವು ಲಕ್ಷಣ ಕಂಡರೆ ಗ್ಯಾರೇಜೂ ಬೇಡ, ಎಣ್ಣೆಯೂ ಬೇಡ, ನೇರ ಆಸ್ಪತ್ರೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಕೂರುವ ಜಾಗದಲ್ಲಿ ಸ್ಪರ್ಶಜ್ಞಾನವಿಲ್ಲದಿರುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು. ಇವಿದ್ದರೆ ಅದೇ ದಿನ. ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ತಡಮಾಡಬೇಡಿ. ಅರವತ್ತು ದಾಟಿದವರಿಗೆ ಕಾರೋ ಬಸ್ಸೋ ಎತ್ತಿ ಹಾಕಿದ ಮೇಲೆ ಬೆನ್ನಿನಲ್ಲಿ ಥಟ್ಟನೆ ನೋವು ಬಂದರೆ ಎಕ್ಸ್‌ರೇ ಆಗಲೇಬೇಕು. ಬಿದ್ದೋ ಅಪಘಾತದಲ್ಲೋ ಬೆನ್ನಿಗೆ ಪೆಟ್ಟಾಗಿ ಕಾಲು ಜೋಮು ಹಿಡಿದವರನ್ನು ಮಡಚಿ ಹಿಂದಿನ ಸೀಟಿಗೆ ತುರುಕಿ ಮಣಿಪಾಲಕ್ಕೋ ಮಂಗಳೂರಿಗೋ ಓಡಿಸಬೇಡಿ. ಇದ್ದಲ್ಲೇ ಅಲುಗದಂತೆ ಮಲಗಿಸಿಟ್ಟು 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿನವರು ಹಲಗೆಯ ಮೇಲೆ ಎತ್ತಲಿ.